ಹಲ್ಲಿ ಎಸೆದು ರೀಲ್ ಮಾಡುವವರಿಗೆ

ಪೋಸ್ಟ್ 1

ಇದು ಉದ್ದದ ಸರಣಿ. ಒಂದು ಕ್ಯಾಪ್ಷನ್‌ಗೆ ಇಷ್ಟೇ ಅಕ್ಷರ ಅಂತ ಮಿತಿ ಇರೋದರಿಂದ ತುಂಡು ತುಂಡಾಗಿ ಹಾಕ್ತಿದ್ದೀನಿ. ಬಸ್ಸಲ್ಲಿ ಸೀಟು ಸಿಕ್ಕಿದ ದಿನ ಕೂತು ಓದಿ, ಅವಸರ ಇಲ್ಲ.

ರಬ್ಬರ್ ಹಲ್ಲಿ ಎಸೆದು, ಹೆದರುವವರ ಮುಖಕ್ಕೆ ಕ್ಯಾಮೆರಾ ಹಿಡಿದು, ಅವರು ಕಿರುಚಿದ್ದನ್ನು ಸ್ಲೋ ಮೋಷನ್‌ನಲ್ಲಿ ಹಾಕುವ ರೀಲ್‌ಗಳ ಬಗ್ಗೆ ಬರೀತಿದ್ದೀನಿ. ನಿಮ್ಮ ಫೀಡಲ್ಲೂ ಬಂದಿರುತ್ತೆ. ಹಲ್ಲಿ ಇಲ್ಲದಿದ್ದರೆ ಜಿರಳೆ, ಜಿರಳೆ ಇಲ್ಲದಿದ್ದರೆ ಬಲೂನು, ಅದೂ ಇಲ್ಲದಿದ್ದರೆ ಈಜು ಬಾರದವನನ್ನು ಹಿಂದಿನಿಂದ ನೀರಿಗೆ ತಳ್ಳೋದು. ಇಂಥ ಒಂದು ರೀಲು ನಮ್ಮ ಕಾಲೇಜಿನಲ್ಲೇ ತಯಾರಾಗಿ ನಮ್ಮ ಕ್ಲಾಸ್ ಗ್ರೂಪಿಗೇ ಬಂತು. ಅದರ ಕೆಳಗಿನ ಕಾಮೆಂಟುಗಳನ್ನು ಒಂದೂ ಬಿಡದೆ ಓದಿದೆ. ಎಲ್ಲ ಸೋಸಿದ ಮೇಲೆ ಉಳಿಯೋದು ಮೂರೇ ಮಾತು.

"ಡ್ರಾಮಾ ಕ್ವೀನ್."

"ಹುಟ್ಟುಗುಣ ಸುಟ್ಟರೂ ಹೋಗಲ್ಲ, ಬಿಡ್ರೋ."

"ಇನ್ನೂ ನಾಲ್ಕು ಸಲ ಹೀಗೇ ಮಾಡಿ, ತಾನಾಗೇ ಭಯ ಹೋಗುತ್ತೆ."

ಮೂರೂ ಸುಳ್ಳು. ಮೂರನೆಯದು ಹೆಚ್ಚು ಅಪಾಯದ ಸುಳ್ಳು, ಯಾಕಂದ್ರೆ ಅದರೊಳಗೆ ಅರ್ಧ ಸತ್ಯ ಸೇರಿಕೊಂಡಿದೆ. ಒಂದೊಂದನ್ನೇ ತಗೋತೀನಿ.

"ನೀನೇನು ಸೈಕಾಲಜಿ ಓದ್ತಿದ್ದೀಯಾ?" ಅಂತ ಕೇಳುವವರಿಗೆ ಮೊದಲೇ ಉತ್ತರ: ಇಲ್ಲ, ಬಿಕಾಂ. ಆದರೆ ನಮ್ಮ ಮಾರ್ಕೆಟಿಂಗ್ ಪೇಪರಿನಲ್ಲಿ ಗ್ರಾಹಕರು ಹೇಗೆ ಕಲೀತಾರೆ ಅನ್ನೋ ಭಾಗ ಬರುತ್ತೆ. ಅಲ್ಲಿ ಪಾವ್ಲೋವ್ ಇದ್ದಾನೆ, ಅವನ ನಾಯಿ ಇದೆ. ಐದು ಮಾರ್ಕಿಗೆ ಬರೆದು ಆಚೆ ಬರುವಷ್ಟರಲ್ಲಿ ಮರೆತಿರ್ತೀರಿ. ನಾನು ಆ ಎಳೆ ಹಿಡಿದು ಲೈಬ್ರರಿಗೆ ಹೋದೆ, ಅಷ್ಟೇ ವ್ಯತ್ಯಾಸ.


ಪೋಸ್ಟ್ 2

ಪಾವ್ಲೋವ್ ಬೇಗ ಮುಗಿಸೋಣ. ನಾಯಿಗೆ ಊಟ ಕಂಡರೆ ಜೊಲ್ಲು ಬರುತ್ತೆ, ಅದನ್ನು ಯಾರೂ ಕಲಿಸಬೇಕಿಲ್ಲ. ಊಟಕ್ಕೆ ಮುಂಚೆ ಪ್ರತಿ ಸಲ ಒಂದೇ ಸದ್ದು ಕೇಳಿಸ್ತಾ ಹೋದರೆ, ಕೆಲ ದಿನಕ್ಕೆ ಬರೀ ಸದ್ದಿಗೇ ಜೊಲ್ಲು ಸುರಿಯುತ್ತೆ. ಎರಡು ಸಂಗತಿ ಜೊತೆಯಾಗಿ ಬಂದವು, ಮೈ ಅವೆರಡಕ್ಕೂ ಗಂಟು ಹಾಕಿತು. ಇದಕ್ಕೇ ಕಂಡಿಷನಿಂಗ್ ಅನ್ನೋದು.

ಈಗ 1920ಕ್ಕೆ ಬನ್ನಿ. ಅಮೆರಿಕದ ಬಾಲ್ಟಿಮೋರ್, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ. ಜಾನ್ ವಾಟ್ಸನ್ ಮತ್ತು ರೋಸಲಿ ರೇನರ್ ಅನ್ನೋ ಇಬ್ಬರು ಒಂದು ಕೂಸಿನ ಮೇಲೆ ಮಾಡಿದ ಪ್ರಯೋಗವನ್ನು ಆ ವರ್ಷ ಪ್ರಕಟಿಸಿದರು. ಬರಹದಲ್ಲಿ ಆ ಕೂಸಿಗೆ ಇಟ್ಟ ಹೆಸರು ಆಲ್ಬರ್ಟ್. ಒಂಬತ್ತು ತಿಂಗಳಿದ್ದಾಗ ಅದರ ಮುಂದೆ ಬಿಳಿ ಇಲಿ ಬಿಟ್ಟರು, ಮೊಲ ಬಿಟ್ಟರು, ನಾಯಿ ತಂದರು, ಮುಖವಾಡ ತೋರಿಸಿದರು. ಕೂಸು ಯಾವುದಕ್ಕೂ ಹೆದರಲಿಲ್ಲ, ಕೈ ಚಾಚಿತು. ಆದರೆ ಬೆನ್ನ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಬಡಿದರೆ ಮಾತ್ರ ಬೆಚ್ಚಿಬಿದ್ದು ಅಳುತ್ತಿತ್ತು.

ಹನ್ನೊಂದು ತಿಂಗಳಾದಾಗ ಶುರು ಮಾಡಿದರು. ಕೂಸು ಇಲಿ ಮುಟ್ಟಲು ಹೋಯಿತು, ಹಿಂದಿನಿಂದ ಸುತ್ತಿಗೆ ಬಿತ್ತು. ಮತ್ತೆ ಮುಟ್ಟಿತು, ಮತ್ತೆ ಬಿತ್ತು. ಅವತ್ತಿಗೆ ನಿಲ್ಲಿಸಿದರು. ಒಂದು ವಾರ ಬಿಟ್ಟು ಇನ್ನೂ ಐದು ಸಲ. ಒಟ್ಟು ಏಳು. ಅಷ್ಟಕ್ಕೆ ಸದ್ದೇ ಇಲ್ಲದೆ ಬರೀ ಇಲಿ ಕಂಡರೆ ಕೂಸು ಅಳುತ್ತಾ, ಪಕ್ಕಕ್ಕೆ ಉರುಳಿ, ತೆವಳಿಕೊಂಡು ಓಡತೊಡಗಿತು. ಅಷ್ಟಕ್ಕೇ ನಿಲ್ಲಲಿಲ್ಲ. ಐದು ದಿನ ಬಿಟ್ಟು ನೋಡಿದರೆ ಮೊಲಕ್ಕೂ ಹೆದರಿತು, ನಾಯಿಗೂ, ತುಪ್ಪಳದ ಕೋಟಿಗೂ, ಗಡ್ಡ ಇರುವ ಸಾಂಟಾ ಮುಖವಾಡಕ್ಕೂ. ಮೊಲ ಅದಕ್ಕೆ ಏನೂ ಮಾಡಿರಲಿಲ್ಲ. ಇಲಿಯೂ ಏನೂ ಮಾಡಿರಲಿಲ್ಲ, ನೆನಪಿಡಿ. ಬಡಿದದ್ದು ಮನುಷ್ಯ.

ಆ ಭಯವನ್ನು ತೆಗೆಯುವ ಮುಂಚೆಯೇ ಕೂಸು ಆಸ್ಪತ್ರೆ ಬಿಟ್ಟು ಹೋಯಿತು. ಇಬ್ಬರೂ ಅದನ್ನು ಬರೆದು ಪ್ರಕಟಿಸಿ ಸುಮ್ಮನಾದರು. ಒಂದೇ ಮಗುವಿನ ಮೇಲೆ ಮಾಡಿದ ಕಚ್ಚಾ ಪ್ರಯೋಗ ಅಂತ ಆಮೇಲೆ ಬೇಕಾದಷ್ಟು ಟೀಕೆ ಬಂದಿದೆ, ಇವತ್ತು ಯಾವ ಸಂಸ್ಥೆಯೂ ಇಂಥದಕ್ಕೆ ಅನುಮತಿ ಕೊಡಲ್ಲ. ಟೀಕೆ ಸರಿಯೇ. ಆದರೆ ಭಯ ಇಲ್ಲದಿದ್ದ ಕಡೆ ಭಯ ನೆಡಬಹುದು ಅನ್ನೋದನ್ನು ಆಮೇಲಿನ ಎಷ್ಟೋ ಪ್ರಯೋಗಗಳು ಬೇರೆ ಬೇರೆ ರೀತಿಯಲ್ಲಿ ತೋರಿಸಿವೆ.

ಈಗ ಆ ರೀಲನ್ನು ಮತ್ತೆ ನೆನಪಿಸ್ಕೊಳ್ಳಿ. ಹಿಂದಿನಿಂದ ಬಂದು ಕಿವಿ ಹತ್ತಿರ ಕೂಗಿ ಹಲ್ಲಿ ಎಸೆದವನ ಕೈಯಲ್ಲಿ ಸುತ್ತಿಗೆ ಇರಲಿಲ್ಲ, ಫೋನ್ ಇತ್ತು.


ಪೋಸ್ಟ್ 3

ಇಲ್ಲಿ ನಮ್ಮ ಕಾಮರ್ಸ್‌ನವರಿಗೆ ಒಂದು ಸ್ಪೆಷಲ್ ಮಾಹಿತಿ. ಆ ವಾಟ್ಸನ್ 1920ರಲ್ಲೇ ವಿಶ್ವವಿದ್ಯಾಲಯ ಬಿಡಬೇಕಾಯಿತು. ಕಾರಣ ಈ ಪ್ರಯೋಗ ಅಂತ ಅಂದ್ಕೋಬೇಡಿ. ರೇನರ್ ಜೊತೆಗಿನ ಸಂಬಂಧ ಗದ್ದಲ ಆಗಿತ್ತು. ಕೂಸನ್ನು ಹೆದರಿಸಿದ್ದಕ್ಕೆ ಅವತ್ತು ಯಾರೂ ಕೇಳಲಿಲ್ಲ! ಆಮೇಲೆ ಅವನು ಸೇರಿದ್ದು ಜೆ. ವಾಲ್ಟರ್ ಥಾಂಪ್ಸನ್ ಅನ್ನೋ ಜಾಹೀರಾತು ಕಂಪನಿಗೆ, ನಾಲ್ಕೇ ವರ್ಷದಲ್ಲಿ ಅಲ್ಲಿ ವೈಸ್ ಪ್ರೆಸಿಡೆಂಟ್.

ಯಾಕೆ ಹೇಳಿದೆ ಅಂದ್ರೆ, ಜಾಹೀರಾತಿನ ಕಂಡಿಷನಿಂಗನ್ನು ನಾವೆಲ್ಲ ಕಣ್ಣು ಮುಚ್ಚಿ ನಂಬ್ತೀವಿ. ನಗುವ ಕುಟುಂಬ, ಒಳ್ಳೆ ಟ್ಯೂನು, ಪಕ್ಕದಲ್ಲಿ ಬಿಸ್ಕತ್ ಪೊಟ್ಟಣ. ಹತ್ತು ಸಲ ತೋರಿಸಿದರೆ ಅಂಗಡಿಯಲ್ಲಿ ಕೈ ತಾನಾಗೇ ಆ ಪೊಟ್ಟಣಕ್ಕೆ ಹೋಗುತ್ತೆ ಅಂತ ಪರೀಕ್ಷೆಯಲ್ಲಿ ಅಡಿಗೆರೆ ಎಳೆದು ಬರೀತೀವಿ, ಮಾರ್ಕು ತಗೋತೀವಿ. ಆ ಕೈ ನಾಟಕ ಆಡ್ತಿದೆ ಅಂತ ಯಾರೂ ಅನ್ನಲ್ಲ. ಅದೇ ನಿಯಮದ ಪ್ರಕಾರ ಒಬ್ಬಳ ಕೈ ಹಲ್ಲಿ ಕಂಡು ನಡುಗಿದರೆ ಮಾತ್ರ "ಡ್ರಾಮಾ ಕ್ವೀನ್". ಇದ್ಯಾವ ನ್ಯಾಯ?

ಕಂಡಿಷನ್ ಆದ ಭಯ ಅನುಮತಿ ಕೇಳಿ ಬರೋದಿಲ್ಲ. ಎದೆಬಡಿತ, ಬೆವರು, ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಗೋದು, ಇವೆಲ್ಲ ಯೋಚನೆಗಿಂತ ಮುಂದೆ ಓಡ್ತವೆ. "ಅದು ರಬ್ಬರ್ ಕಣೇ" ಅಂತ ನೀವು ಹೇಳುವ ಹೊತ್ತಿಗೆ ಮೈ ಆಗಲೇ ಓಡಿಹೋಗಿರುತ್ತೆ. ಅವಳಿಗೂ ಗೊತ್ತು ಅದು ರಬ್ಬರ್ ಅಂತ. ಪಾವ್ಲೋವನ ನಾಯಿಗೆ ಸದ್ದು ತಿನ್ನೋ ವಸ್ತು ಅಲ್ಲ ಅಂತ ತಿಳಿಸಿ ಹೇಳಿ ಜೊಲ್ಲು ನಿಲ್ಲಿಸೋಕಾಗುತ್ತಾ?

ಹಾಗಂತ ಎಲ್ಲ ಹೆದರಿಕೆಯನ್ನೂ ಫೋಬಿಯಾ ಅಂತ ಕರೀಬೇಡಿ. ಆಡಿಟ್ ಪೇಪರ್ ಹಿಂದಿನ ರಾತ್ರಿ ನನಗೂ ನಿಮಗೂ ಆಗೋದು ಬರೀ ಭಯ. ಬೀದಿಯಲ್ಲಿ ಹಲ್ಲು ಕಿರಿದು ಬರುವ ನಾಯಿಗೆ ಹೆದರೋದು ಬುದ್ಧಿವಂತಿಕೆ. ಅಪಾಯಕ್ಕೂ ಭಯಕ್ಕೂ ಅಳತೆಯೇ ಸಿಗದೆ, ತಿಂಗಳುಗಟ್ಟಲೆ, ಸಾಮಾನ್ಯವಾಗಿ ಆರು ತಿಂಗಳಿಗೂ ಹೆಚ್ಚು ಕಾಲ ಉಳಿದು, ದಿನದ ಬದುಕನ್ನೇ ತಿರುಚಿದಾಗ ವೈದ್ಯರು ಫೋಬಿಯಾ ಅನ್ನೋ ಪದ ಬಳಸ್ತಾರೆ. ಅದನ್ನು ಹೇಳಬೇಕಾದವರೂ ಅವರೇ, ನಾನಲ್ಲ.


ಪೋಸ್ಟ್ 4

ರೀಲಿನಲ್ಲಿದ್ದವಳು ನಮ್ಮ ಕ್ಲಾಸಿನವಳೇ. ಅವಳನ್ನು ಕೇಳಿ, ಅವಳು ಸರಿ ಅಂದ ಮೇಲೆ ಇಷ್ಟು ಬರೀತಿದ್ದೀನಿ. ಹೆಸರು ಕೇಳಬೇಡಿ, ಗೊತ್ತಿದ್ದವರು ಕಾಮೆಂಟಲ್ಲಿ ಬರೀಬೇಡಿ.

ಟಿಫನ್ ಬಾಕ್ಸಿನ ಮುಚ್ಚಳದ ಕೆಳಗೆ ಇಟ್ಟಿದ್ದರು. ತೆಗೆದಳು, ಕಿರುಚಿದಳು, ಚಿತ್ರಾನ್ನ ನೆಲದ ಪಾಲಾಯಿತು. ನಾಲ್ಕು ಫೋನು ಮೊದಲೇ ರೆಡಿ ಇದ್ದವು. ರೀಲು ಅಲ್ಲಿಗೆ ಮುಗಿಯುತ್ತೆ, ಮುಂದಿನದನ್ನು ಯಾರೂ ಶೂಟ್ ಮಾಡಲಿಲ್ಲ. ಈಗ ಅವಳು ಬಾಕ್ಸ್ ತರೋದಿಲ್ಲ. ಬ್ಯಾಗಿನ ಜಿಪ್ ತೆಗೆಯೋ ಮುಂಚೆ ಹೊರಗಿನಿಂದ ತಟ್ಟಿ ನೋಡ್ತಾಳೆ. ಕ್ಯಾಂಟೀನಿನಲ್ಲಿ ಗೋಡೆ ಪಕ್ಕದ ಬೆಂಚಿಗೆ ಬರಲ್ಲ. ಹಲ್ಲಿ ಅಂದ್ರೆ ಅವಳಿಗೆ ಮೊದಲೂ ಆಗ್ತಿರಲಿಲ್ಲ, ನಿಜ. ಆದರೆ ಮೊದಲು ಭಯ ಇದ್ದದ್ದು ಗೋಡೆ ಮೇಲಿನ ಹಲ್ಲಿಗೆ. ಈಗ ಟಿಫನ್ ಬಾಕ್ಸಿಗೂ, ಜಿಪ್ಪಿನ ಸದ್ದಿಗೂ, ಹಿಂದೆ ಯಾರಾದರೂ ಬಂದು ನಿಂತರೂ. ಇಲಿಯಿಂದ ತುಪ್ಪಳದ ಕೋಟಿಗೆ ಹರಡಿತಲ್ಲ, ಅದೇ ದಾರಿ.

ಹೆದರಿಕೆ ಹುಟ್ಟೋದು ಒಂದು ಕಥೆ, ಉಳಿಯೋದು ಇನ್ನೊಂದು. 1947ರಲ್ಲಿ ಮೌರರ್ ಅನ್ನೋ ಮನಶ್ಶಾಸ್ತ್ರಜ್ಞ ಇವೆರಡನ್ನೂ ಬೇರ್ಪಡಿಸಿ ವಿವರಿಸಿದ. ಮೊದಲ ಹಂತದಲ್ಲಿ ಪಾವ್ಲೋವ್ ರೀತಿಯ ಗಂಟು ಬೀಳುತ್ತೆ. ಎರಡನೇ ಹಂತದಲ್ಲಿ ಮನುಷ್ಯ ಆ ವಸ್ತುವಿನಿಂದ ತಪ್ಪಿಸಿಕೊಳ್ತಾನೆ, ತಪ್ಪಿಸಿಕೊಂಡ ಕೂಡಲೇ ಮೈಗೆ ಹಾಯ್ ಅನಿಸುತ್ತೆ. ಆ ನೆಮ್ಮದಿಯೇ ಬಹುಮಾನ. ಬಹುಮಾನ ಸಿಕ್ಕಿದ ಕೆಲಸವನ್ನು ಮೈ ಮತ್ತೆ ಮಾಡುತ್ತೆ. ಹೀಗೆ ತಪ್ಪಿಸಿಕೊಳ್ತಾ ಹೋದರೆ "ಹಲ್ಲಿ ಏನೂ ಮಾಡಲ್ಲ" ಅಂತ ಕಲಿಯೋಕೆ ಅವಕಾಶವೇ ಸಿಗೋದಿಲ್ಲ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಇದು ಕ್ರೆಡಿಟ್ ಕಾರ್ಡಿಗೆ ಪ್ರತಿ ತಿಂಗಳು ಮಿನಿಮಮ್ ಡ್ಯೂ ಮಾತ್ರ ಕಟ್ಟಿದ ಹಾಗೆ. ಅವತ್ತಿನ ಮಟ್ಟಿಗೆ ಬ್ಯಾಂಕಿನವರ ಕಾಟ ತಪ್ಪುತ್ತೆ. ಸಾಲ ಹಾಗೇ ಇರುತ್ತೆ, ಬಡ್ಡಿ ಬೆಳೀತಿರುತ್ತೆ, ಈ ತಿಂಗಳ ಕ್ಲೋಸಿಂಗ್ ಬ್ಯಾಲೆನ್ಸು ಮುಂದಿನ ತಿಂಗಳ ಓಪನಿಂಗ್ ಬ್ಯಾಲೆನ್ಸು. ಅವಳು ಗೋಡೆ ಪಕ್ಕದ ಬೆಂಚು ಬಿಟ್ಟು ದೂರ ಕೂತಾಗೆಲ್ಲ ಒಂದೊಂದು ಮಿನಿಮಮ್ ಡ್ಯೂ ಕಟ್ತಿದ್ದಾಳೆ. ಸಾಲ ಬೆಳೆಸಿದವರು ಮಾತ್ರ ರೀಲಿಗೆ ಲೈಕ್ ಎಣಿಸ್ಕೊಂಡು ಆರಾಮಾಗಿದ್ದಾರೆ.


ಪೋಸ್ಟ್ 5

"ಅವಳಿಗೆ ಯಾವ ಹಲ್ಲಿಯೂ ಕಚ್ಚಿರಲಿಲ್ಲವಲ್ಲ, ಮತ್ತೆ ಮೊದಲ ಭಯ ಎಲ್ಲಿಂದ ಬಂತು? ಹುಟ್ಟಿನಿಂದಲೇ ತಾನೇ?" ಮೊನ್ನೆ ಒಬ್ಬ ಹೀಗೆ ಮೆಸೇಜ್ ಮಾಡಿದ್ದ. ಒಳ್ಳೆ ಪ್ರಶ್ನೆ, ಎರಡನೇ ಕಾಮೆಂಟಿನ ಹುಟ್ಟುಗುಣದ ಮಾತು ನಿಂತಿರೋದೇ ಇದರ ಮೇಲೆ.

ಸ್ಟ್ಯಾನ್ಲಿ ರಾಕ್‌ಮನ್ ಅನ್ನೋ ಮನಶ್ಶಾಸ್ತ್ರಜ್ಞ 1977ರಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾನೆ: ಭಯ ಬರೋದಕ್ಕೆ ಮೂರು ದಾರಿ. ನೇರ ಅನುಭವ ಒಂದು. ಬೇರೆಯವರು ಹೆದರಿದ್ದನ್ನು ನೋಡಿ ಕಲಿಯೋದು ಇನ್ನೊಂದು. ಮೂರನೆಯದು ಬರೀ ಮಾತು ಕೇಳಿ.

ಹಲ್ಲಿ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಈ ಮೂರನೇ ದಾರಿ ಹೈವೇ ಥರ ಇದೆ, ನೋಡಿ. ಪಂಚಾಂಗದಲ್ಲಿ ಹಲ್ಲಿ ಶಕುನದ ಪುಟವೇ ಇರುತ್ತೆ: ತಲೆ ಮೇಲೆ ಬಿದ್ದರೆ ಇಂಥ ಫಲ, ಭುಜದ ಮೇಲೆ ಬಿದ್ದರೆ ಅಂಥ ಫಲ, ಗಂಡಸರಿಗೆ ಬೇರೆ ಹೆಂಗಸರಿಗೆ ಬೇರೆ. ಕಂಚಿಗೆ ಹೋಗಿ ಚಿನ್ನದ ಹಲ್ಲಿ ಮುಟ್ಟಿ ಬಂದವರಿದ್ದರೆ ಅವರನ್ನು ಮುಟ್ಟಿದರೆ ದೋಷ ಹೋಗುತ್ತೆ ಅನ್ನೋ ಮಾತು ಕೇಳದವರು ಯಾರಿದ್ದೀರಿ? ಜೊತೆಗೆ ಸಾರಿಗೆ ಹಲ್ಲಿ ಬಿತ್ತು ಅನ್ನೋ ಸುದ್ದಿ, ಹಲ್ಲಿ ಅಂದ್ರೇ ವಿಷ ಅನ್ನೋ ಅಜ್ಜಿ. ಮನೆ ಹಲ್ಲಿಗೆ ವಿಷ ಇಲ್ಲ. ಅದು ಬಿದ್ದ ಊಟ ಚೆಲ್ಲಿ, ಕೊಳಕು ಅಂತ ಚೆಲ್ಲಿ, ಬೇಡ ಅನ್ನಲ್ಲ. ಆದರೆ ಐದು ವರ್ಷದ ಮಗುವಿಗೆ ಸಾವು, ಅಪಶಕುನ, ವಿಷ ಮೂರನ್ನೂ ಒಂದು ಬಡಪಾಯಿ ಪ್ರಾಣಿಗೆ ಗಂಟು ಹಾಕಿ ಕೊಟ್ಟು, ಅದು ದೊಡ್ಡದಾದ ಮೇಲೆ "ಹುಟ್ಟುಗುಣ" ಅಂತೀರಲ್ಲ, ಇದು ತಾವೇ ಬಿತ್ತಿದ ಬೆಳೆ ನೋಡಿ ಇದು ಕಾಡುಗಿಡ ಅಂದ ಹಾಗಾಯಿತು.

ಎರಡನೇ ದಾರಿಗೆ ಕೋತಿಗಳ ಸಾಕ್ಷಿ ಇದೆ. 1980ರ ದಶಕದಲ್ಲಿ ಅಮೆರಿಕದ ಸೂಸನ್ ಮಿನೆಕಾ ಮತ್ತು ಮೈಕೆಲ್ ಕುಕ್ ರೀಸಸ್ ಕೋತಿಗಳ ಮೇಲೆ ಮಾಡಿದ ಕೆಲಸ. ಕಾಡಿನಲ್ಲಿ ಬೆಳೆದ ಕೋತಿ ಹಾವಿಗೆ ಹೆದರುತ್ತೆ, ಪ್ರಯೋಗಾಲಯದಲ್ಲಿ ಹುಟ್ಟಿ ಬೆಳೆದದ್ದು ಹೆದರಲ್ಲ. ಹೆದರದ ಕೋತಿಗೆ ಹೆದರುವ ಕೋತಿಯ ಅವಸ್ಥೆಯನ್ನು ಕೆಲವೇ ನಿಮಿಷ ತೋರಿಸಿದರೆ ಸಾಕು, ಅದೂ ಹಾವಿಗೆ ಹೆದರೋಕೆ ಶುರು ಮಾಡುತ್ತೆ. ಕಚ್ಚಿಸಿಕೊಳ್ಳೋದು ಬೇಡ, ಮುಟ್ಟೋದೂ ಬೇಡ.

ಈಗ ನಮಗೆ ಸಂಬಂಧಪಟ್ಟ ಭಾಗ. ಮುಂದಿನ ಪ್ರಯೋಗಗಳಲ್ಲಿ ಎದುರಿಗೆ ಜೀವಂತ ಕೋತಿಯೂ ಇರಲಿಲ್ಲ. ವಿಡಿಯೊ ತೋರಿಸಿದರು. ವಿಡಿಯೊ ನೋಡಿಯೇ ಕಲಿತವು.

ನಿಮ್ಮ ರೀಲನ್ನು ಮನೆಯಲ್ಲಿ ತಮ್ಮನೋ ತಂಗಿಯೋ ನೋಡ್ತಿರ್ತಾರೆ, ಅಲ್ವಾ?


ಪೋಸ್ಟ್ 6

ಪ್ರಾಮಾಣಿಕವಾಗಿ ಒಂದು ಮಾತು. ಕಂಡಿಷನಿಂಗ್ ಒಂದರಿಂದಲೇ ಎಲ್ಲ ಫೋಬಿಯಾಗಳೂ ಬಂದವು ಅಂತ ನಾನು ಹೇಳಿದರೆ ಅದೂ ಸುಳ್ಳೇ. "ನನಗೆ ಚಿಕ್ಕಂದಿನಲ್ಲಿ ನಾಯಿ ಕಚ್ಚಿದೆ, ಈಗ ಮನೆಯಲ್ಲಿ ಎರಡು ನಾಯಿ ಸಾಕಿದ್ದೀನಿ" ಅನ್ನೋರು ಇರ್ತಾರೆ. ಇದು ವಾದ ಬಿದ್ದುಹೋಗೋ ಜಾಗ ಅಂತ ಅನ್ಕೋತಾರೆ. ಇಲ್ಲಿ ವಾದ ಇನ್ನೂ ಗಟ್ಟಿಯಾಗುತ್ತೆ.

ನಾಯಿ ಜೊತೆ ಮೊದಲೇ ನೂರು ಸಲ ಆಟ ಆಡಿದ ಮಗುವಿಗೆ ಒಂದು ಕಡಿತ ಅಷ್ಟು ಸುಲಭವಾಗಿ ಭಯ ಕಲಿಸೋಕಾಗಲ್ಲ. ಹಳೆಯ ಒಳ್ಳೆಯ ಅನುಭವ ಅಡ್ಡ ನಿಲ್ಲುತ್ತೆ. ನಾಯಿಯನ್ನು ಮೊದಲ ಸಲ ಕಂಡದ್ದೇ ಕಚ್ಚಿಸಿಕೊಂಡಾಗ ಅನ್ನೋ ಮಗುವಿನ ಖಾತೆಯಲ್ಲಿ ಆ ಠೇವಣಿ ಇಲ್ಲ. ಮಿನೆಕಾ ಮತ್ತು ಕುಕ್ ಇದನ್ನೂ ನೋಡಿದ್ದಾರೆ: ಹಾವಿನ ಎದುರು ಆರಾಮಾಗಿರೋ ಕೋತಿಯನ್ನು ಮೊದಲು ನೋಡಿದ ಕೋತಿಗಳಲ್ಲಿ ಹೆಚ್ಚಿನವು ಆಮೇಲೆ ಹೆದರುವ ಕೋತಿಯನ್ನು ನೋಡಿದರೂ ಅಷ್ಟಾಗಿ ಹೆದರಲಿಲ್ಲ. ಲಸಿಕೆ ಹಾಕಿದ ಹಾಗೆ.

ಇನ್ನೊಂದು ಸಂಗತಿ. ನಮ್ಮ ಊರಲ್ಲಿ ದಿನ ಬೆಳಗಾದರೆ ಬೈಕಿನಿಂದ ಬಿದ್ದು ಮಂಡಿ ಕೆತ್ತಿಸಿಕೊಂಡವರು ಸಿಗ್ತಾರೆ, ಬೈಕ್ ಕಂಡರೆ ನಡುಗೋರು ಎಷ್ಟು ಜನ? ಸ್ವಿಚ್ ಬೋರ್ಡಿನಲ್ಲಿ ಶಾಕ್ ಹೊಡೆಸಿಕೊಂಡವನು ಸಂಜೆ ಅದೇ ಬೋರ್ಡಿಗೆ ಚಾರ್ಜರ್ ಚುಚ್ಚುತ್ತಾನೆ. ಹಾವು, ಜೇಡ, ಎತ್ತರ, ಕತ್ತಲು, ಇವಕ್ಕೆ ಮಾತ್ರ ಭಯ ಬೇಗ ಅಂಟಿ ನಿಧಾನಕ್ಕೆ ಬಿಡುತ್ತೆ. ವಿಕಾಸದ ದಾರಿಯಲ್ಲಿ ನಮ್ಮ ಮೈ ಕೆಲವು ಪಾಠಗಳಿಗೆ ಮೊದಲೇ ಸಜ್ಜಾಗಿ ನಿಂತಿದೆ ಅಂತ ಮಾರ್ಟಿನ್ ಸೆಲಿಗ್‌ಮನ್ 1971ರಲ್ಲಿ ವಾದ ಮಾಡಿದ. ಕೋತಿಗಳಿಗೆ ತೋರಿಸಿದ ವಿಡಿಯೊಗಳಲ್ಲೂ ಇದೇ ಕಂಡಿತು: ಆಟಿಕೆ ಹಾವಿಗೆ ಹೆದರೋದನ್ನು ಕಲಿತವು, ಹೂವಿಗೆ ಹೆದರುವ ಹಾಗೆ ಎಡಿಟ್ ಮಾಡಿದ ವಿಡಿಯೊ ನೋಡಿ ಕಲಿಯಲಿಲ್ಲ. (ಎಡಿಟಿಂಗ್ ಅವತ್ತೇ ಇತ್ತು ಗುರು, ನೀವೇ ಮೊದಲಲ್ಲ.)

ಇದರ ಮೇಲೆ ಕೆಲವರು ಹುಟ್ಟಿನಿಂದಲೇ ಸ್ವಲ್ಪ ಹೆಚ್ಚು ಸೂಕ್ಷ್ಮ. ಮನೆತನದಿಂದ ಬರೋ ಪಾಲೂ ಇದೆ. ಒಪ್ತೀನಿ. ಆದರೆ ಹುಟ್ಟಿನಿಂದ ಬಂದದ್ದು ಒಣ ಹುಲ್ಲು. ಕಡ್ಡಿ ಗೀರಿದವನು "ಹುಲ್ಲು ಒಣಗಿತ್ತು, ನನ್ನದೇನು ತಪ್ಪು" ಅಂದ್ರೆ ಊರವರು ಸುಮ್ಮನೆ ಬಿಡ್ತಾರಾ?


ಪೋಸ್ಟ್ 7

ಈಗ ಮೂರನೇ ಕಾಮೆಂಟು. "ನಾಲ್ಕು ಸಲ ಹೀಗೇ ಮಾಡಿ, ಭಯ ಹೋಗುತ್ತೆ."

ಅರ್ಧ ಸತ್ಯ ಇದು: ಹೆದರುವ ವಸ್ತುವಿನ ಎದುರು ನಿಲ್ಲೋದರಿಂದಲೇ ಭಯ ಇಳಿಯೋದು. ಫೋಬಿಯಾಗೆ ಇವತ್ತು ಹೆಚ್ಚು ಭರವಸೆಯ ಚಿಕಿತ್ಸೆ ಅಂದ್ರೆ ಅದೇ. ಪ್ರ್ಯಾಂಕ್ ಮಾಡುವವರು ಈ ಅರ್ಧವನ್ನು ಎಲ್ಲೋ ಕೇಳಿ ಬಂದು, ತಾವೂ ಡಾಕ್ಟರ್ ಅಂದುಕೊಂಡಿದ್ದಾರೆ. ಉಳಿದ ಅರ್ಧ ಕೇಳಿ.

1924. ಮೇರಿ ಕವರ್ ಜೋನ್ಸ್. ರೇನರ್‌ಳ ಕಾಲೇಜು ಗೆಳತಿ, ವಾಟ್ಸನ್ ಸಲಹೆಯಲ್ಲೇ ಕೆಲಸ ಮಾಡಿದವಳು. ಅವರಿಬ್ಬರು ಭಯ ನೆಟ್ಟರು, ಇವಳು ಕೀಳೋದು ಹೇಗೆ ಅಂತ ನೋಡಿದಳು. ವಾಟ್ಸನ್ ಹೆಸರು ಎಲ್ಲ ಪುಸ್ತಕದಲ್ಲೂ ಇದೆ, ಇವಳದು ಹುಡುಕಬೇಕು. ಇರಲಿ. ಪೀಟರ್ ಅನ್ನೋ ಮಗು, ಎರಡು ವರ್ಷ ಹತ್ತು ತಿಂಗಳು. ಬಿಳಿ ಇಲಿ, ಮೊಲ, ತುಪ್ಪಳದ ಕೋಟು, ಹಕ್ಕಿ ಗರಿ, ಹತ್ತಿ, ಎಲ್ಲಕ್ಕೂ ಹೆದರುತ್ತಿತ್ತು. ಜೋನ್ಸ್ ಮೊಲವನ್ನು ಮಗುವಿನ ಮೇಲೆ ಎಸೆಯಲಿಲ್ಲ. ಮೊಲಕ್ಕೆ ಹೆದರದ ಮಕ್ಕಳ ಜೊತೆ ಆಡೋಕೆ ಬಿಟ್ಟಳು. ಮೊದಮೊದಲು ಕೋಣೆಯ ಯಾವ ಮೂಲೆಯಲ್ಲಿ ಪಂಜರ ಇದ್ದರೂ ಆಗ್ತಿರಲಿಲ್ಲ. ಆಮೇಲೆ ಹನ್ನೆರಡು ಅಡಿ ದೂರದಲ್ಲಿ ಪಂಜರ ಇದ್ದರೆ ಸಹಿಸಿಕೊಂಡಿತು. ಆಮೇಲೆ ನಾಲ್ಕು ಅಡಿ, ಮೂರು ಅಡಿ. ಇಷ್ಟದ ತಿಂಡಿ ತಿನ್ನುವಾಗ ಪಂಜರವನ್ನು ಒಂದಿಷ್ಟು ಹತ್ತಿರ ತರೋದು, ಮಗು ತಿನ್ನೋದು ನಿಲ್ಲಿಸುವಷ್ಟು ಹತ್ತಿರ ತರದಿರೋದು. ಕೊನೆಗೆ ಮೊಲ ಬಂದು ಬೆರಳು ಮೆಲ್ಲಗೆ ಕಡಿದರೂ ಪೀಟರ್ ಬಿಡುವಷ್ಟಾಯಿತು.

ಇದರ ನಡುವೆ ಏನಾಯ್ತು ಗೊತ್ತಾ? ಮಗುವಿಗೆ ಜ್ವರ ಬಂದು ಸುಮಾರು ಎರಡು ತಿಂಗಳು ಕೆಲಸ ನಿಂತಿತು. ಆಸ್ಪತ್ರೆಯಿಂದ ಹೊರಟು ಟ್ಯಾಕ್ಸಿ ಹತ್ತುವಾಗ ದೊಡ್ಡ ನಾಯಿಯೊಂದು ಮೇಲೆರಗಿತು. ಅಲ್ಲಿಯವರೆಗೆ ಇಳಿದಿದ್ದ ಭಯವೆಲ್ಲ ವಾಪಸ್. ಜೋನ್ಸ್ ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು.

ಈ ಭಾಗವನ್ನು ಎರಡು ಸಲ ಓದಿ. ಇಳಿದ ಭಯ ಅಳಿದು ಹೋಗಿರಲ್ಲ. ಹಳೆಯ ಪಾಠದ ಮೇಲೆ ಹೊಸ ಪಾಠ ಕೂತಿರುತ್ತೆ, ಅಷ್ಟೇ. ಹೊಸದು ಎಳೆಯದಾಗಿರುವಾಗ ಒಂದು ಜೋರು ಆಘಾತ ಸಾಕು, ಹಳೆಯದು ಮೇಲೆದ್ದು ಬರೋಕೆ. ತಿಂಗಳುಗಟ್ಟಲೆ ಒಬ್ಬಳು ಕಷ್ಟಪಟ್ಟು ಇಳಿಸಿಕೊಂಡದ್ದನ್ನು ಹದಿನೈದು ಸೆಕೆಂಡಿನ ರೀಲು ಮೊದಲಿನ ಜಾಗಕ್ಕೆ ತಂದು ನಿಲ್ಲಿಸಬಲ್ಲದು.

ಹಾಗಾದ್ರೆ ಚಿಕಿತ್ಸೆಗೂ ಪ್ರ್ಯಾಂಕಿಗೂ ವ್ಯತ್ಯಾಸ ಏನು, ಎರಡರಲ್ಲೂ ಹಲ್ಲಿ ಇದೆಯಲ್ಲ ಅಂತೀರಾ? ಚಿಕಿತ್ಸೆಯಲ್ಲಿ ಅವಳಿಗೆ ಮೊದಲೇ ಗೊತ್ತಿರುತ್ತೆ, ಅವಳೇ ಒಪ್ಪಿರ್ತಾಳೆ, ಮೆಟ್ಟಿಲು ಅವಳದು: ಮೊದಲು ಫೋಟೊ, ಆಮೇಲೆ ವಿಡಿಯೊ, ಆಮೇಲೆ ದೂರದ ಗೋಡೆಯ ಹಲ್ಲಿ. "ಸಾಕು" ಅಂದ್ರೆ ನಿಲ್ಲಿಸ್ತಾರೆ. ಏನೂ ಕೆಟ್ಟದ್ದಾಗಲಿಲ್ಲ ಅಂತ ಮೈಗೆ ಗೊತ್ತಾಗುವವರೆಗೆ ಅಲ್ಲೇ ಇರ್ತಾಳೆ. ಪ್ರ್ಯಾಂಕಿನಲ್ಲಿ ಹಲ್ಲಿ ಜೊತೆ ಬರೋದು ಕೂಗು, ಗಾಬರಿ, ನಾಲ್ಕು ಜನರ ನಗು, ಅವಮಾನ. ಅವಳು ಓಡಿಹೋಗ್ತಾಳೆ, ಓಡಿದ್ದಕ್ಕೆ ನೆಮ್ಮದಿ ಸಿಗುತ್ತೆ. ಮೌರರ್ ಹೇಳಿದ ಎರಡೂ ಹಂತ ಒಂದೇ ಏಟಿಗೆ ಮುಗೀತು. ನಾಲ್ಕು ಸಲ ಮಾಡಿದರೆ ನಾಲ್ಕು ಸಲ ಸುತ್ತಿಗೆ ಬಡಿದ ಲೆಕ್ಕ. ಆಲ್ಬರ್ಟ್‌ಗೆ ಏಳು ಸಾಕಾಗಿತ್ತು.


ಪೋಸ್ಟ್ 8

ಹುಡುಗರಿಗೆ ಬೇರೆಯಾಗಿ ಒಂದು ಸಣ್ಣ ಪೋಸ್ಟು.

ಕಾಲೇಜಿನ ರಕ್ತದಾನ ಶಿಬಿರದಲ್ಲಿ ಪ್ರತಿ ವರ್ಷ ಒಬ್ಬನಾದರೂ ಸೂಜಿ ನೋಡಿ ದೊಪ್ಪನೆ ಬೀಳ್ತಾನೆ. ಆಮೇಲೆ ವರ್ಷಪೂರ್ತಿ ಅವನಿಗೆ ಅಡ್ಡಹೆಸರು. "ಗಂಡಸೇನೋ ನೀನು?" ಗಂಡಸುತನಕ್ಕೂ ಇದಕ್ಕೂ ಸಂಬಂಧ ಇಲ್ಲ ಮಗಾ. ಬೇರೆ ಫೋಬಿಯಾಗಳಲ್ಲಿ ಎದೆಬಡಿತ, ಬಿಪಿ ಏರುತ್ತವೆ. ರಕ್ತ ಮತ್ತು ಸೂಜಿಯ ಭಯದಲ್ಲಿ ಮಾತ್ರ ಒಮ್ಮೆ ಏರಿ ದಢಕ್ಕನೆ ಇಳಿಯುತ್ತೆ, ಮಿದುಳಿಗೆ ರಕ್ತ ಸಾಲದೆ ಮನುಷ್ಯ ಬೀಳ್ತಾನೆ. ಅದಕ್ಕೇ ಇದಕ್ಕೆ ಚಿಕಿತ್ಸೆಯೂ ಉಲ್ಟಾ. "ರಿಲ್ಯಾಕ್ಸ್ ಮಾಡು" ಅನ್ನೋದು ಇಲ್ಲಿ ತಪ್ಪು ಸಲಹೆ. ಕೈಕಾಲಿನ, ಎದೆಯ ಸ್ನಾಯುಗಳನ್ನು ಬಿಗಿ ಹಿಡಿದು, ಬಿಟ್ಟು, ಮತ್ತೆ ಬಿಗಿ ಹಿಡಿದು ಬಿಪಿ ಏರಿಸೋದನ್ನು ಕಲಿಸ್ತಾರೆ. ಸ್ವೀಡನ್ನಿನ ಲಾರ್ಸ್-ಯೋರಾನ್ ಓಸ್ಟ್ 1980ರ ದಶಕದಲ್ಲಿ ಬೆಳೆಸಿದ ವಿಧಾನ ಇದು. ಜೇಡ, ಹಾವಿನಂಥ ಭಯಗಳಿಗೆ ಹೆಚ್ಚಂದ್ರೆ ಮೂರು ಗಂಟೆಯ ಒಂದೇ ಕೂರಿಕೆಯ ಚಿಕಿತ್ಸೆ ರೂಪಿಸಿದವನೂ ಇವನೇ. ಮೂರು ಗಂಟೆ ಅಂದ್ರೆ ಒಂದು ಕನ್ನಡ ಸಿನಿಮಾ, ಇಂಟರ್ವಲ್ ಸೇರಿ. ಹುಟ್ಟುಗುಣ ಆಗಿದ್ದರೆ ಮೂರು ಗಂಟೆಯಲ್ಲಿ ಹೇಗಪ್ಪಾ ಇಳಿಯುತ್ತೆ?

ಸೂಜಿ ಮಾತು ಬಂದಿದ್ದಕ್ಕೆ ಮನೆಯ ದೊಡ್ಡವರಿಗೂ ಒಂದು. ಅವರು ಈ ಆ್ಯಪಲ್ಲಿ ಇರಲ್ಲ, ನೀವೇ ಓದಿ ಹೇಳಿ. "ಊಟ ಮಾಡಲ್ವಾ? ಡಾಕ್ಟರ್ ಹತ್ರ ಕರ್ಕೊಂಡು ಹೋಗಿ ಸೂಜಿ ಚುಚ್ಚಿಸ್ತೀನಿ." "ಮಲ್ಕೊಳ್ದಿದ್ರೆ ಗುಮ್ಮ ಬರ್ತಾನೆ." "ಹಟ ಮಾಡಿದ್ರೆ ಪೊಲೀಸ್ ಹಿಡ್ಕೊಂಡು ಹೋಗ್ತಾರೆ." ಡಾಕ್ಟರು, ಕತ್ತಲು, ಪೊಲೀಸು: ಮಗು ಮುಂದೆ ನಂಬಬೇಕಾದ ಇಬ್ಬರನ್ನೂ, ದಿನಾ ಮಲಗಬೇಕಾದ ಕತ್ತಲನ್ನೂ ಎರಡು ತುತ್ತು ಅನ್ನಕ್ಕೋಸ್ಕರ ಹಾಳು ಮಾಡಿಬಿಡ್ತೀರಿ. ಆಮೇಲೆ ಅದೇ ಮಗು ಇಪ್ಪತ್ತು ವರ್ಷಕ್ಕೆ ಹಲ್ಲು ನೋವಾದರೂ ಡೆಂಟಿಸ್ಟ್ ಹತ್ತಿರ ಹೋಗದೆ ಲವಂಗ ಕಚ್ಚಿಕೊಂಡು ಕೂತಿರುತ್ತೆ.


ಪೋಸ್ಟ್ 9

ಕೊನೆಯದು. ಇಷ್ಟು ಹೊತ್ತು ಹೆದರುವವರು ಹೇಗೆ ಕಲೀತಾರೆ ಅಂತ ಹೇಳಿದೆ. ಹೆದರಿಸುವವನೂ ಕಲೀತಾನೆ.

ಮಾಡಿದ ಕೆಲಸಕ್ಕೆ ಬಹುಮಾನ ಸಿಕ್ಕರೆ ಆ ಕೆಲಸ ಹೆಚ್ಚಾಗುತ್ತೆ. ಇದು ಸ್ಕಿನ್ನರ್ ಹೇಳಿದ್ದು, ಇದೂ ನಮ್ಮ ಪೇಪರಲ್ಲೇ ಇದೆ. ಯಾವ ಸಲ ಸಿಗುತ್ತೆ, ಯಾವ ಸಲ ಸಿಗಲ್ಲ ಅಂತ ಗೊತ್ತಿಲ್ಲದ ಬಹುಮಾನವಂತೂ ಇನ್ನೂ ಬಿಗಿಯಾಗಿ ಹಿಡಿಯುತ್ತೆ. ಒಂದು ರೀಲಿಗೆ ನಲವತ್ತು ಲೈಕು, ಇನ್ನೊಂದಕ್ಕೆ ನಾಲ್ಕು ಸಾವಿರ. ಜೂಜಿನ ಮಷೀನು ಎಳೆದ ಹಾಗೆ ಅವನು ಎಳೀತಾನೇ ಇರ್ತಾನೆ. ನಾಳೆ ಹಲ್ಲಿ ಸಾಲದು ಅನಿಸಿದರೆ ಇನ್ನೇನೋ ತರ್ತಾನೆ. ಅವನಿಗೆ ಆ ಬಹುಮಾನ ಕೊಡ್ತಿರೋದು ಯಾರು? ನೀವು. ನೋಡಿ, ನಕ್ಕು, ಗೆಳತಿಗೆ ಕಳಿಸಿ, "ನಿನ್ನ ಥರಾನೇ" ಅಂತ ಟ್ಯಾಗ್ ಮಾಡಿದ ನೀವು. ಒಬ್ಬ ಎಸೆದ, ನಾನೂರು ಜನ ಬಡ್ಡಿ ಹಂಚಿಕೊಂಡರು.

ಬಹುಮಾನ ನಿಂತರೆ ಅಭ್ಯಾಸವೂ ನಿಲ್ಲುತ್ತೆ. ಆದರೆ ಒಂದು ಎಚ್ಚರಿಕೆ: ನಿಲ್ಲೋ ಮುಂಚೆ ಒಂದು ಸಲ ಜೋರಾಗುತ್ತೆ. ಲೈಕ್ ಕಡಿಮೆಯಾದ ವಾರ ಅವನು ಇನ್ನೂ ದೊಡ್ಡ ಪ್ರ್ಯಾಂಕ್ ಮಾಡಬಹುದು. ಆಗಲೂ ನಗಬೇಡಿ. ಸ್ಕ್ರೋಲ್ ಮಾಡಿ ಮುಂದೆ ಹೋಗಿ, ಇಲ್ಲಾಂದ್ರೆ ರಿಪೋರ್ಟ್ ಒತ್ತಿ. ಬೈದು ಕಾಮೆಂಟ್ ಹಾಕೋದೂ ಬೇಡ, ಕಾಮೆಂಟು ಅಂದ್ರೆ ಅದಕ್ಕೂ ರೀಚು.

ನೀವೇ ಹೆದರುವವರಾಗಿದ್ದರೆ, ನಾಚಿಕೆಪಡೋಕೆ ಏನೂ ಇಲ್ಲ. ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, ನಂಬರ್ 14416. 2022ರ ಅಕ್ಟೋಬರಿನಿಂದ ನಡೀತಿದೆ, ಹಗಲೂ ರಾತ್ರಿ ಸಿಗ್ತಾರೆ, ಕನ್ನಡದಲ್ಲೇ ಮಾತಾಡಬಹುದು, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಗೆಳತಿಗೋ ಗೆಳೆಯನಿಗೋ ಇಂಥ ಭಯ ಇದ್ದರೆ ಅವರ ಜೊತೆ ಹೋಗಿ ಕೂತ್ಕೊಳ್ಳಿ. ಅವರ ಬದಲು ಹಲ್ಲಿ ಓಡಿಸಿಕೊಡ್ತಾ ಇರೋದು ಪ್ರೀತಿಯೇ, ಆದರೆ ಅದೂ ಮಿನಿಮಮ್ ಡ್ಯೂ ಕಟ್ಟಿದ ಹಾಗೆ. ಅವರು ಒಂದು ಮೆಟ್ಟಿಲು ಹತ್ತೋಕೆ ಹೊರಟ ದಿನ ಪಕ್ಕದಲ್ಲಿರಿ.

ಆ ರೀಲ್ ಹಾಕಿದ ಅಕೌಂಟಿನವರು ಇದನ್ನು ಓದಿದ್ದರೆ: ಡಿಲೀಟ್ ಮಾಡಿ ಅಂತ ಅವಳು ಎರಡು ಸಲ ಮೆಸೇಜ್ ಕಳಿಸಿದ್ದಾಳೆ. ಎರಡೂ ಸೀನ್ ಆಗಿವೆ. ಇವತ್ತು ರಾತ್ರಿ ಹತ್ತಕ್ಕೆ ನೋಡ್ತೀನಿ. ಆಗಲೂ ಇದ್ದರೆ ನಾಳೆ ಬೆಳಗ್ಗೆ ನಾನು, ಅವಳು, ಇನ್ನೂ ಏಳು ಜನ ಪ್ರಿನ್ಸಿಪಾಲರ ಕೋಣೆಗೆ ಅರ್ಜಿ ಹಿಡಿದು ಹೋಗ್ತೀವಿ. ಬರೆದು ಇಟ್ಟಾಗಿದೆ, ಸಹಿಯೂ ಆಗಿದೆ.